ಭಯ, ಹರಕೆ ಮತ್ತು ಸ್ತುತಿ: ಚೆನ್ನೈನ ಹಳೆಯ ಕ್ರೈಸ್ತ ದೇವಾಲಯಗಳ ಚರಿತ್ರೆ

ಚೆನ್ನೈ ನಗರದ ಹಳೆಯ ಕ್ರೈಸ್ತ ದೇವಾಲಯಗಳನ್ನು ಅವುಗಳ ವಾಸ್ತುಶೈಲಿಯನ್ನು ಹಿಡಿದೋ, ಅವನ್ನು ಕಟ್ಟಿಸಿದ ಪೋರ್ಚುಗೀಸ್, ಆರ್ಮೇನಿಯನ್, ಇಂಗ್ಲಿಷ್ ಸಮುದಾಯಗಳನ್ನು ಹಿಡಿದೋ ವಿಂಗಡಿಸುವುದು ಚರಿತ್ರಕಾರರ ರೂಢಿಯಾಗಿದೆ. ಪ್ರತಿಯೊಂದು ದೇವಾಲಯವೂ ಯಾವ ಭಯದ ನಡುವೆ ಎದ್ದು ನಿಂತಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇನ್ನೊಂದು ಬಗೆಯ ವಿಂಗಡಣೆ ಸಾಧ್ಯವಾಗುತ್ತದೆ. ಆಗ ಕಡಲಿನ ಭಯ, ಯುದ್ಧ ಮತ್ತು ಸೆರೆಯ ಭಯ, ರೋಗದ ಭಯ, ಬೆನ್ನಟ್ಟಿ ಬರುವವರ ಭಯ ಎಂಬ ನಾಲ್ಕು ಬಗೆಗಳು ಎದ್ದು ಕಾಣುತ್ತವೆ. ದೇವರ ರಕ್ಷಣೆಯನ್ನು ಕುರಿತು ಈ ದೇವಾಲಯಗಳ ಸುತ್ತ ಬೆಳೆದ ಕಥೆಗಳೂ ಆಚರಣೆಗಳೂ ಮೈಲಾಪುರದಿಂದ ಪರಂಗಿಮಲೆಯವರೆಗಿನ ಜನ ಐದು ಶತಮಾನಗಳ ಕಾಲ ಯಾವುದಕ್ಕೆ ಅಂಜಿದ್ದರು, ತಮ್ಮ ದುರ್ಬಲತೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದರು, ಬದುಕುಳಿದ ಮೇಲೆ ಏನು ಮಾಡಿದರು ಎಂಬುದಕ್ಕೂ ಸಾಕ್ಷ್ಯಗಳಾಗಿವೆ.

ಈ ನಾಲ್ಕು ಬಗೆಗಳಿಗೆ ಬೈಬಲಿನಲ್ಲಿಯೇ ಹೆಚ್ಚುಕಡಿಮೆ ಸಮಾನವಾದ ಮಾದರಿಯೊಂದಿದೆ. ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬ ಹೆಸರಿನಿಂದ ಕರೆಯಲಾಗುವ ಹೀಬ್ರೂ ಸ್ತುತಿಪದ್ಯಗಳ ಸಂಗ್ರಹದಲ್ಲಿ 107ನೆಯ ಕೀರ್ತನೆಯು ಮರಳುಗಾಡಿನಲ್ಲಿ ದಾರಿತಪ್ಪಿದವರು, ಕತ್ತಲೆಯಲ್ಲಿ ಸೆರೆಬಿದ್ದವರು, ರೋಗದಿಂದ ಸಾವಿನ ಬಾಗಿಲಿಗೆ ಬಂದವರು, ಬಿರುಗಾಳಿಗೆ ಸಿಕ್ಕ ನಾವಿಕರು ಎಂಬ ನಾಲ್ಕು ಗುಂಪುಗಳನ್ನು ಒಂದಾದ ಮೇಲೊಂದರಂತೆ ಚಿತ್ರಿಸುತ್ತದೆ. ಪ್ರತಿಯೊಂದು ಗುಂಪೂ ಸಂಕಟದಲ್ಲಿ ಮೊರೆಯಿಡುತ್ತದೆ, ಬಿಡುಗಡೆ ಹೊಂದುತ್ತದೆ, ಅನಂತರ ಕೃತಜ್ಞತೆಯ ಸ್ತುತಿಗೆ ಕರೆಯಲ್ಪಡುತ್ತದೆ. ದುರ್ಬಲತೆ, ಮೊರೆ, ರಕ್ಷಣೆ, ಸ್ತುತಿ ಎಂಬ ಈ ಅನುಕ್ರಮವು ಕಥೋಲಿಕರ ಹರಕೆಗಳಿಗೂ ಪ್ರೊಟೆಸ್ಟೆಂಟರ ಪ್ರಾರ್ಥನಾ ಪುಸ್ತಕಗಳಿಗೂ ಸಮಾನವಾದ ಆಧಾರವಾಯಿತು. ಇಂಗ್ಲೆಂಡಿನ ಚರ್ಚು 1662ರಲ್ಲಿ ಅಂಗೀಕರಿಸಿದ ಸಾಮಾನ್ಯ ಪ್ರಾರ್ಥನಾ ಪುಸ್ತಕದಲ್ಲಿ ಕಡಲಯಾನದ ವೇಳೆ, ವಿಶೇಷವಾಗಿ ಬಿರುಗಾಳಿಯ ಮೊದಲೂ ಅನಂತರವೂ ಹೇಳಬೇಕಾದ ಪ್ರಾರ್ಥನೆಗಳಿಗೆಂದೇ ಒಂದು ಭಾಗವನ್ನು ಸೇರಿಸಿದ್ದು ಈ ಪರಂಪರೆಯ ಮುಂದುವರಿಕೆಯೇ ಆಗಿದೆ.

ಕೋರಮಂಡಲ ಕರಾವಳಿಯ ಮಟ್ಟಿಗೆ ಕಡಲಿನ ಭಯವು ಪಶ್ಚಿಮ ಕರಾವಳಿಯವರಿಗೆ ಸುಲಭವಾಗಿ ಊಹಿಸಲಾಗದಷ್ಟು ತೀವ್ರವಾಗಿತ್ತು. ಮಂಗಳೂರು, ಕೊಚ್ಚಿ, ಗೋವೆಗಳಲ್ಲಿರುವಂತಹ ನದೀಮುಖದ ಆಸರೆ ಮದರಾಸಿಗೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕೃತಕ ಬಂದರು ನಿರ್ಮಾಣವಾಗುವವರೆಗೆ ಹಡಗುಗಳು ತೆರೆದ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಜನರನ್ನೂ ಸರಕನ್ನೂ ದಡಕ್ಕೆ ತರುವ ಕೆಲಸ ಮಸೂಲಾ ದೋಣಿಗಳದಾಗಿತ್ತು. ಮೊಳೆಗಳನ್ನು ಬಳಸದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಈ ದೋಣಿಗಳು ಅಲೆಯ ಹೊಡೆತಕ್ಕೆ ಬಾಗುತ್ತಿದ್ದವೇ ಹೊರತು ಒಡೆಯುತ್ತಿರಲಿಲ್ಲ. ಅಕ್ಟೋಬರ್ ತಿಂಗಳಿನಿಂದ ಆರಂಭವಾಗುವ ಈಶಾನ್ಯ ಮಾರುತದ ಕಾಲದಲ್ಲಿ ಬಂಗಾಳಕೊಲ್ಲಿಯ ಚಂಡಮಾರುತಗಳು ಈ ತೆರೆದ ತಂಗುದಾಣದ ಮೇಲೆ ಎರಗುತ್ತಿದ್ದವು. ಹೊಸದಾಗಿ ಕಟ್ಟಿದ ಬಂದರಿನ ತಡೆಗೋಡೆಗಳನ್ನೇ 1881ರ ನವೆಂಬರಿನ ಚಂಡಮಾರುತವು ಒಡೆದುಹಾಕಿತು.

ಮೈಲಾಪುರದ ಲಸ್ ಚರ್ಚ್ ಎಂದು ಪ್ರಸಿದ್ಧವಾದ ಬೆಳಕಿನ ಮಾತೆಯ ದೇವಾಲಯದ ಸ್ಥಾಪನೆಯ ಕಥೆ ಈ ಭಯದ ಹಿನ್ನೆಲೆಯಲ್ಲಿಯೇ ಅರ್ಥವಾಗುತ್ತದೆ. ಬಿರುಗಾಳಿಗೆ ಸಿಕ್ಕಿ ದಿಕ್ಕುಗಾಣದಾದ ಪೋರ್ಚುಗೀಸ್ ಧರ್ಮಪ್ರಚಾರಕರು ಮಾತೆ ಮರಿಯಳಲ್ಲಿ ಮೊರೆಯಿಟ್ಟರೆಂದೂ, ದೂರದಲ್ಲಿ ಕಾಣಿಸಿಕೊಂಡ ಬೆಳಕೊಂದು ಅವರನ್ನು ದಡಕ್ಕೆ ಕರೆತಂದಿತೆಂದೂ, ದಡ ಸೇರಿದ ಮೇಲೂ ಅದನ್ನೇ ಹಿಂಬಾಲಿಸಿ ಒಳನಾಡಿನ ಕಾಡಿಗೆ ಹೋದಾಗ ಅದು ಮರೆಯಾದ ಸ್ಥಳದಲ್ಲಿಯೇ ದೇವಾಲಯವನ್ನು ಕಟ್ಟಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ತಮಿಳರು ಈ ದೇವಾಲಯವನ್ನು ‘ಕಾಟ್ಟು ಕೋಯಿಲ್’, ಅಂದರೆ ಕಾಡಿನ ಗುಡಿ, ಎಂದು ಕರೆಯುತ್ತ ಬಂದಿರುವುದರಲ್ಲಿ ಅಂದಿನ ಮೈಲಾಪುರದ ಹೊರವಲಯದ ನೆನಪು ಉಳಿದಿದೆ. ಇಲ್ಲಿನ ಶಿಲಾಶಾಸನವು ದೇವಾಲಯವನ್ನು 1516ರದೆಂದು ಹೇಳುತ್ತದೆಯಾದರೂ, ಆರ್ಮೇನಿಯನ್ ವರ್ತಕನೊಬ್ಬನು ದಾರಿ ತೋರಿಸಿದ್ದರಿಂದ ಪೋರ್ಚುಗೀಸರು ಮೈಲಾಪುರದಲ್ಲಿದ್ದ ಸಂತ ತೋಮಸನ ಸಮಾಧಿಯನ್ನು ಮೊದಲು ಕಂಡದ್ದು 1517ರಲ್ಲಿ ಎಂಬುದು ದಾಖಲೆಗಳಿಂದ ತಿಳಿದುಬರುವುದರಿಂದ ಆ ವರ್ಷವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ವರ್ಷದ ವಿಷಯ ಹೇಗೇ ಇರಲಿ, ಈ ದೇವಾಲಯವು ತನ್ನ ಮೂಲವನ್ನು ಯಾವುದೋ ವಿಜಯದೊಂದಿಗೆ ಜೋಡಿಸಿಕೊಳ್ಳದೆ ದಾರಿತಪ್ಪಿದವರ ಅಸಹಾಯಕತೆಯೊಂದಿಗೆ ಜೋಡಿಸಿಕೊಂಡಿತು ಎಂಬುದು ಗಮನಾರ್ಹವಾಗಿದೆ.

ಕಡಲು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂಬುದನ್ನು 1746ರ ಘಟನೆ ತೋರಿಸಿಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಫ್ರೆಂಚ್ ನೌಕಾಧಿಪತಿ ಲಾ ಬೂರ್ದೊನೆಯು ಮದರಾಸನ್ನು ಗೆದ್ದುಕೊಂಡನು. ಕೆಲವೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ಎದ್ದ ಚಂಡಮಾರುತವು ತೀರದಾಚೆ ಲಂಗರು ಹಾಕಿದ್ದ ಅವನ ಹಡಗುಗಳನ್ನು ಧ್ವಂಸಮಾಡಿತು, ಸುಮಾರು 1,200 ಮಂದಿ ನೀರುಪಾಲಾದರು. ಸೋತ ಇಂಗ್ಲಿಷರಿಗೆ ಇದನ್ನು ದೈವದ ನ್ಯಾಯವೆಂದು ಭಾವಿಸುವುದು ಸುಲಭವಾಗಿದ್ದಿರಬಹುದು. ಆದರೆ ಮುಳುಗಿದ ನಾವಿಕರೂ ಬೆಳಕಿನ ಮಾತೆಯನ್ನು ಕರೆದ ಪೋರ್ಚುಗೀಸರ ಧರ್ಮಕ್ಕೇ ಸೇರಿದವರಾಗಿದ್ದರು ಎಂಬುದನ್ನು ನೆನೆದರೆ, ರಕ್ಷಣೆಯ ಕಥೆಗಳನ್ನು ಬದುಕಿ ಬಂದವರು ಮಾತ್ರ ಹೇಳಬಲ್ಲರು ಎಂಬ ಕಠಿಣ ಸತ್ಯವು ಎದುರಾಗುತ್ತದೆ. ಚೆನ್ನೈನ ಭಕ್ತಿಪರಂಪರೆಯನ್ನು ಅರ್ಥಮಾಡಿಕೊಳ್ಳುವಾಗ ಈ ಸತ್ಯವನ್ನು ಬದಿಗಿಡುವಂತಿಲ್ಲ.

ಯುದ್ಧ ಮತ್ತು ಸೆರೆಯ ಭಯವು ಎರಡನೆಯ ಬಗೆಯದು. ಸಂತ ತೋಮಸನ ಹೆಸರಿನಿಂದ ಸ್ಯಾನ್ ತೋಮೆ ಎನಿಸಿಕೊಂಡ ಪೋರ್ಚುಗೀಸ್ ವಸಾಹತು ವಿಜಯನಗರದ ಅಧೀನದ ನಾಡಿನಲ್ಲಿತ್ತು. 1558–59ರ ಸುಮಾರಿಗೆ ಅಳಿಯ ರಾಮರಾಯನು ಅಲ್ಲಿಗೆ ದಂಡೆತ್ತಿ ಬಂದು, ನಿವಾಸಿಗಳಿಂದ ದೊಡ್ಡ ಮೊತ್ತದ ಕಾಣಿಕೆಯನ್ನು ವಸೂಲುಮಾಡಿ, ಬಾಕಿ ಹಣಕ್ಕೆ ಒತ್ತೆಯಾಗಿ ಕೆಲವರನ್ನು ಹಿಡಿದುಕೊಂಡು ಹೋದನಾದರೂ ಊರನ್ನು ನಾಶಮಾಡಲಿಲ್ಲ. ಮುಂದಿನ ಶತಮಾನದಲ್ಲಿ ಗೋಲ್ಕೊಂಡ, ಫ್ರೆಂಚ್, ಡಚ್ ಪಡೆಗಳು ಒಂದರ ಹಿಂದೊಂದರಂತೆ ಅದೇ ಊರಿಗಾಗಿ ಹೋರಾಡಿದವು. ಇಂತಹ ಅನುಭವಗಳ ನೆರೆಯಲ್ಲಿಯೇ ಬೆಳೆದ ಇಂಗ್ಲಿಷರ ಸೇಂಟ್ ಜಾರ್ಜ್ ಕೋಟೆಯೊಳಗೆ 1678ರ ಮಾರ್ಚ್ 25ರಂದು ಆರಂಭವಾಗಿ 1680ರ ಅಕ್ಟೋಬರ್ 28ರಂದು ಪ್ರತಿಷ್ಠಾಪಿತವಾದ ಸೇಂಟ್ ಮೇರಿ ಚರ್ಚು ಪ್ರಾರ್ಥನಾಮಂದಿರವೂ ಹೌದು, ಗುಂಡಿನ ದಾಳಿಯನ್ನು ತಡೆದುಕೊಳ್ಳುವ ಕಟ್ಟಡವೂ ಹೌದು. ಅದರ ಹೊರಗೋಡೆಗಳು ಸುಮಾರು 4 ಅಡಿ ದಪ್ಪವಾಗಿವೆ. ಮರದ ತೊಲೆಗಳ ಬದಲು ಇಟ್ಟಿಗೆಯ ಕಮಾನಿನ ಮೇಲೆ ನಿಂತ ಛಾವಣಿ ಸುಮಾರು 2 ಅಡಿ ದಪ್ಪವಾಗಿದೆ. ದೇವರ ಆಸರೆಯನ್ನು ಕೋಟೆಗೂ ಗುರಾಣಿಗೂ ಹೋಲಿಸುವ ಕೀರ್ತನೆಗಳನ್ನು ಅದರೊಳಗೆ ಪಠಿಸುತ್ತಿದ್ದವರು ತಮ್ಮ ಛಾವಣಿಯನ್ನೂ ಗಟ್ಟಿಯಾಗಿಯೇ ಕಟ್ಟಿಸಿದ್ದರು. ನಂಬಿಕೆಗೂ ಮುನ್ನೆಚ್ಚರಿಕೆಗೂ ನಡುವೆ ವಿರೋಧವಿದೆಯೆಂದು ಅವರು ಭಾವಿಸಲಿಲ್ಲ.

ಫ್ರೆಂಚ್ ಸೇನಾನಿ ಲಾಲಿಯು 1758ರ ಡಿಸೆಂಬರಿನಿಂದ 1759ರ ಫೆಬ್ರವರಿಯವರೆಗೆ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯ ಹೊರಗಿದ್ದ ಹಳೆಯ ಇಂಗ್ಲಿಷ್ ಸ್ಮಶಾನದ ಎತ್ತರದ ಗೋರಿಗಳು ದಾಳಿಕಾರರಿಗೆ ಮರೆಯಾಗಿ ಒದಗಿದವು. ಆದ್ದರಿಂದ ಮುತ್ತಿಗೆಯ ಅನಂತರ ಆ ಗೋರಿಗಳನ್ನು ಕೆಡವಿ, ಅವುಗಳ ಮೇಲಿದ್ದ ಬರಹದ ಚಪ್ಪಡಿಗಳನ್ನು ತಂದು ಚರ್ಚಿನ ಸುತ್ತಲಿನ ನೆಲಕ್ಕೆ ಹಾಸಲಾಯಿತು. ಇಂದಿಗೂ ಆ ದೇವಾಲಯವನ್ನು ಪ್ರವೇಶಿಸುವವರು ಸತ್ತವರ ಹೆಸರುಗಳ ಮೇಲೆ ಹೆಜ್ಜೆಯಿಟ್ಟೇ ಹೋಗಬೇಕಾಗುತ್ತದೆ. ಆ ಕಾಲದ ಅಂತ್ಯಸಂಸ್ಕಾರದ ವಿಧಿಯಲ್ಲಿ ಓದುತ್ತಿದ್ದ 90ನೆಯ ಕೀರ್ತನೆಯು ಮನುಷ್ಯನ ಆಯುಷ್ಯವನ್ನು ಎಪ್ಪತ್ತು, ಹೆಚ್ಚೆಂದರೆ ಎಂಬತ್ತು ವರ್ಷಗಳೆಂದು ಎಣಿಸಿದರೆ, ಜ್ವರ, ಆಮಶಂಕೆ, ಕಾಲರಾಗಳ ಈ ಕರಾವಳಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಅನೇಕ ನೌಕರರಿಗೂ ಅವರ ಮಕ್ಕಳಿಗೂ ಅದರ ಅರ್ಧ ಆಯುಷ್ಯವೂ ದೊರೆಯುತ್ತಿರಲಿಲ್ಲ.

ಇದೇ ದೇವಾಲಯದಲ್ಲಿರುವ ಒಂದು ಅಮೃತಶಿಲೆಯ ಸ್ಮಾರಕವು ಮೈಸೂರಿನ ಚರಿತ್ರೆಯನ್ನೂ ಮುಟ್ಟುತ್ತದೆ. ಕಂಪನಿಯು ಶಿಲ್ಪಿ ಜಾನ್ ಬೇಕನ್ ಕಿರಿಯನಿಂದ ಮಾಡಿಸಿದ ಈ ಸ್ಮಾರಕವು ತಂಜಾವೂರಿನ ಲೂಥರನ್ ಪಾದ್ರಿ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್‌ಗೆ ಸಂಬಂಧಿಸಿದ್ದು. ಆತನು 1779ರಲ್ಲಿ ಮದರಾಸು ಸರ್ಕಾರದ ಸಂದೇಶವಾಹಕನಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಲಿಯನ್ನು ಕಂಡನು. ಆ ಸಂಧಾನವು ಯುದ್ಧವನ್ನು ತಡೆಯಲಿಲ್ಲ. 1780ರಲ್ಲಿ ಹೈದರನ ಸೇನೆಯು ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿ, ಹಳ್ಳಿಗಳ ಜನರು ಮದರಾಸಿನತ್ತ ಓಡಿಬಂದು, ನಗರವು ಬರಗಾಲವನ್ನು ಎದುರಿಸಬೇಕಾಯಿತು. ಆದರೂ ಈ ಪಾದ್ರಿಯು ಎಲ್ಲಿ ಸಂಚರಿಸಿದರೂ ಅಡ್ಡಿಪಡಿಸಬಾರದೆಂದು ಹೈದರನು ತನ್ನ ಸೇನಾಧಿಕಾರಿಗಳಿಗೆ ಅಪ್ಪಣೆ ಮಾಡಿದ್ದನೆಂದು ಶ್ವಾರ್ಟ್ಸ್‌ನ ಜೀವನಚರಿತ್ರೆಗಳು ದಾಖಲಿಸುತ್ತವೆ. ಶತ್ರುಪಕ್ಷದ ಅರಸನ ಮಾತೇ ಒಬ್ಬ ಧರ್ಮಗುರುವಿಗೆ ರಕ್ಷೆಯಾಯಿತು.

ಮದರಾಸಿನ ವೇಪೇರಿಯಲ್ಲಿದ್ದ ಶ್ವಾರ್ಟ್ಸ್‌ನ ಸಹಧರ್ಮಿ ಯೋಹಾನ್ ಫಿಲಿಪ್ ಫಬ್ರಿಸಿಯಸ್‌ನ ಬದುಕು ಇಷ್ಟು ಸರಳವಾದ ಪಾಠವನ್ನು ಹೇಳುವುದಿಲ್ಲ. 1740ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ಪಾದ್ರಿಯು ಯುದ್ಧಗಳ ಕಾಲದಲ್ಲಿ ತನ್ನ ಸಭೆಯವರೊಂದಿಗೆ ಡಚ್ಚರ ವಶದಲ್ಲಿದ್ದ ಪುಲಿಕಾಟಿಗೆ ಓಡಿಹೋಗಬೇಕಾಯಿತು. ಬೈಬಲನ್ನು ತಮಿಳಿಗೆ ಹೊಸದಾಗಿ ಅನುವಾದಿಸುವುದರ ಜೊತೆಗೆ ಜರ್ಮನ್ ಸ್ತುತಿಗೀತೆಗಳನ್ನು ತಮಿಳಿಗೆ ತಂದ ಆತನ ಹಾಡುಗಳು ತಮಿಳು ಲೂಥರನ್ ಸಭೆಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿ ಉಳಿದವು. ಇದೇ ಮನುಷ್ಯನು ಹಣಕಾಸಿನ ವ್ಯವಹಾರದಲ್ಲಿ ವಿವೇಕ ತಪ್ಪಿ, ಇತರರು ನಂಬಿ ಒಪ್ಪಿಸಿದ್ದ ಹಣವನ್ನು ಕಳೆದುಕೊಂಡು, ವೃದ್ಧಾಪ್ಯದಲ್ಲಿ ಸಾಲಕ್ಕಾಗಿ ಸೆರೆಮನೆಯನ್ನು ಕಂಡನು. 1791ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡನು. ಮನುಷ್ಯನ ದುರ್ಬಲತೆ ಎಂದರೆ ರೋಗ ಮತ್ತು ಮರಣ ಮಾತ್ರವಲ್ಲ, ತಪ್ಪು ನಿರ್ಧಾರವೂ ಅದರೊಳಗೆ ಸೇರಿದೆ ಎಂಬ ಕ್ರೈಸ್ತ ತಿಳಿವಳಿಕೆಗೆ ಫಬ್ರಿಸಿಯಸ್‌ನ ಬದುಕು ಸ್ಪಷ್ಟ ನಿದರ್ಶನವಾಗಿದೆ. ಅವನ ಸೋಲಿನ ಕಾರಣಕ್ಕಾಗಿ ಸಭೆಯು ಅವನ ಸ್ತುತಿಗೀತೆಗಳನ್ನು ಕೈಬಿಡಲಿಲ್ಲ.

ರೋಗದ ಭಯದಿಂದ ಹುಟ್ಟಿದ ಭಕ್ತಿಯು ಈ ನಗರದಲ್ಲಿ ಎಲ್ಲಕ್ಕಿಂತ ಹಳೆಯ ಲಿಖಿತ ಸಾಕ್ಷ್ಯವನ್ನು ಹೊಂದಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕರಾವಳಿಗೆ ಬಂದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ ಸಂತ ತೋಮಸನ ಸಮಾಧಿಯಿರುವ ಸಣ್ಣ ಊರನ್ನು ವರ್ಣಿಸುತ್ತ, ಕ್ರೈಸ್ತರೂ ಮುಸಲ್ಮಾನರೂ ಅಲ್ಲಿಗೆ ಯಾತ್ರೆ ಬರುತ್ತಾರೆಂದೂ, ಸಂತನು ಮಡಿದ ಸ್ಥಳದ ಕೆಂಪು ಮಣ್ಣನ್ನು ಒಯ್ದು ಜ್ವರ ಬಂದವರಿಗೆ ಕುಡಿಸುತ್ತಾರೆಂದೂ ಬರೆದಿದ್ದಾನೆ. ಪೋರ್ಚುಗೀಸರು ಬರುವ ಎರಡು ಶತಮಾನಗಳಿಗೂ ಮೊದಲೇ ಇಲ್ಲಿ ಧರ್ಮದ ಗಡಿಗಳನ್ನು ದಾಟಿದ ಆರೋಗ್ಯಭಕ್ತಿಯೊಂದು ಬೇರೂರಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಸೈದಾಪೇಟೆಯ ಬಳಿಯ ಚಿನ್ನಮಲೆ ಎಂಬ ಕಿರುಬೆಟ್ಟದಲ್ಲಿ 1551ರಲ್ಲಿ ಪೋರ್ಚುಗೀಸರು ಕಟ್ಟಿಸಿದ ದೇವಾಲಯವು ಆರೋಗ್ಯಮಾತೆಗೆ ಅರ್ಪಿತವಾದದ್ದು ಈ ಬೇರಿನಿಂದಲೇ ಎಂದು ಊಹಿಸಬಹುದು. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಬೆಸಂಟ್ ನಗರದ ಕಡಲತೀರದಲ್ಲಿ ಬೆಳೆದುಬಂದ ವೇಲಾಂಕಣಿ ಮಾತೆಯ ದೇವಾಲಯವು ಅದೇ ಪರಂಪರೆಯನ್ನು ಮುಂದುವರಿಸಿದೆ. ಆಗಸ್ಟ್ 29ರಂದು ಧ್ವಜಾರೋಹಣದೊಂದಿಗೆ ಆರಂಭವಾಗಿ ಸೆಪ್ಟೆಂಬರ್ 8ರಂದು ಮುಗಿಯುವ ಇಲ್ಲಿನ ಉತ್ಸವಕ್ಕೆ ಕೇಸರಿ ಬಟ್ಟೆ ತೊಟ್ಟು ಕಾಲ್ನಡಿಗೆಯಲ್ಲಿ ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯ ಬಸಿಲಿಕಾದಲ್ಲಿ ಅದೇ ದಿನಗಳಲ್ಲಿ ಕಾಣುವ ನೋಟಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ನಾಲ್ಕನೆಯ ಬಗೆಯ ಭಯವು ಸ್ವತಃ ಸಂತ ತೋಮಸನ ಕಥೆಗೆ ಸೇರಿದ್ದು. ಯೇಸುವಿನ ಹನ್ನೆರಡು ಮಂದಿ ಪ್ರೇಷಿತರಲ್ಲಿ, ಅಂದರೆ ಧರ್ಮಸಂದೇಶವನ್ನು ಸಾರಲು ಕಳುಹಿಸಲ್ಪಟ್ಟ ಶಿಷ್ಯರಲ್ಲಿ, ಒಬ್ಬನಾದ ಈತನು ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದು, ಅನಂತರ ಮೈಲಾಪುರದಲ್ಲಿ ಬೋಧಿಸಿ, ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಚಿನ್ನಮಲೆಯ ಗುಹೆಯಲ್ಲಿ ಅಡಗಿ, ಕೊನೆಗೆ ಕ್ರಿ.ಶ. 72ರಲ್ಲಿ ಪರಂಗಿಮಲೆಯ ಮೇಲೆ ಈಟಿಯ ತಿವಿತಕ್ಕೆ ಬಲಿಯಾದನೆಂದು ಸಂಪ್ರದಾಯವು ನಂಬುತ್ತದೆ. ಸುವಾರ್ತೆಯ ಪ್ರಕಾರ ಪುನರುತ್ಥಾನವನ್ನು ಕಣ್ಣಾರೆ ಕಾಣದೆ ನಂಬಲಾರೆನೆಂದ ಶಿಷ್ಯನೂ ಇವನೇ. ಅವನ ಸಂಶಯವು ಕೊನೆಗೆ ಸ್ತುತಿಯ ಉದ್ಗಾರದಲ್ಲಿ ಕರಗಿತು. ಹೀಗೆ ಚೆನ್ನೈನ ಕ್ರೈಸ್ತರು ರಕ್ಷಣೆಯನ್ನು ಬೇಡಲು ಹೋಗುವ ಸಮಾಧಿಯು ಸಂಶಯಪಟ್ಟವನದು, ಅಡಗಿಕೊಂಡವನದು, ಕೊಲೆಯಿಂದ ಪಾರಾಗದವನದು. ದೇವರು ಕಾಪಾಡುತ್ತಾನೆ ಎಂಬ ಮಾತಿಗೆ ದೇಹಕ್ಕೆ ಎಂದೂ ಕೇಡು ತಟ್ಟುವುದಿಲ್ಲ ಎಂಬ ಅರ್ಥವನ್ನು ಈ ಪರಂಪರೆಯು ಮೂಲದಲ್ಲಿಯೇ ನಿರಾಕರಿಸಿದೆ.

ಸುಮಾರು 300 ಅಡಿ ಎತ್ತರದ ಪರಂಗಿಮಲೆಯ ಮೇಲೆ ಪೋರ್ಚುಗೀಸರು 1547ರಲ್ಲಿ ಅಡಿಪಾಯ ತೋಡುವಾಗ ಕಲ್ಲಿನ ಶಿಲುಬೆಯೊಂದು ದೊರೆಯಿತು. ಅದರ ಸುತ್ತ ಕೆತ್ತಿದ ಬರಹವು ಪ್ರಾಚೀನ ಪರ್ಷಿಯಾದ ಪಹ್ಲವಿ ಲಿಪಿಯದಾಗಿದ್ದು, ಪರ್ಷಿಯಾದ ಚರ್ಚಿಗೂ ದಕ್ಷಿಣ ಭಾರತದ ಕ್ರೈಸ್ತರಿಗೂ ಇದ್ದ ಸಂಬಂಧಕ್ಕೆ ಪುರಾವೆಯಾಗಿದೆ. ಬರಹದ ಪಾಠದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ಇಪ್ಪತ್ತನೆಯ ಶತಮಾನದ ಪ್ರಮುಖ ವಾಚನಗಳು ಅದನ್ನು ಶಿಲುಬೆಯನ್ನು ಮಾಡಿದವನ ಮೇಲೆ ಕ್ರಿಸ್ತನು ಕರುಣೆ ತೋರಲಿ ಎಂಬ ಬೇಡಿಕೆಯಾಗಿ ಓದುತ್ತವೆ. ಈ ವಾಚನ ಸರಿಯಾದರೆ, ನಗರದ ಅತ್ಯಂತ ಹಳೆಯ ಕ್ರೈಸ್ತ ಶಾಸನಗಳಲ್ಲಿ ಒಂದಾದ ಇದು ಯಾವುದೇ ಅರಸನ ದಾನವನ್ನಾಗಲಿ ಗೆಲುವನ್ನಾಗಲಿ ಸಾರುವುದಿಲ್ಲ. ಒಬ್ಬ ಕುಶಲಕರ್ಮಿಯು ತನ್ನ ಹೆಸರನ್ನು ಕರುಣೆಯ ಬೇಡಿಕೆಯೊಂದಿಗೆ ಕಲ್ಲಿಗೆ ಒಪ್ಪಿಸಿದ ಪ್ರಾರ್ಥನೆ ಅದು.

ಪಾರಾದವರ ಸ್ತುತಿಯು ಬಾಯಿಮಾತಿನಲ್ಲಿ ಮುಗಿಯದೆ ಮುಂದಿನವರಿಗೆ ಆಸರೆಯಾಗುವ ಕೆಲಸವಾಗಿ ಮಾರ್ಪಟ್ಟದ್ದಕ್ಕೆ ಆರ್ಮೇನಿಯನ್ ವರ್ತಕ ಕೋಜಾ ಪೆಟ್ರಸ್ ಉಸ್ಕಾನನೇ ಉತ್ತಮ ಉದಾಹರಣೆ. ಪರ್ಷಿಯಾದ ಜುಲ್ಫಾ ಮೂಲದ ಈತನು ಯಾತ್ರಿಕರಿಗಾಗಿ ಪರಂಗಿಮಲೆಗೆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದನು. ಅಡ್ಯಾರ್ ನದಿಗೆ ಸೈದಾಪೇಟೆಯಲ್ಲಿ ಸೇತುವೆಯನ್ನು ತನ್ನ ಖರ್ಚಿನಿಂದಲೇ ನಿರ್ಮಿಸಿ, ಅದರ ದುರಸ್ತಿಗೆಂದು ಪ್ರತ್ಯೇಕವಾಗಿ ವರಹಗಳ ನಿಧಿಯನ್ನೂ ಇಟ್ಟನು. 1720ರ ದಶಕದ ಈ ಎರಡು ಕೆಲಸಗಳಿಂದ ಬೆಟ್ಟಕ್ಕೆ ಹೋಗುವವರು ಮಳೆಗಾಲದಲ್ಲಿ ಪ್ರವಾಹವನ್ನು ದಾಟುವ ಅಪಾಯದಿಂದ ಪಾರಾದರು. ಅದೇ ಸಮುದಾಯದ ಪಾದ್ರಿ ಹರುತ್ಯುನ್ ಶ್ಮಾವೋನಿಯನ್ ತನ್ನ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ದುಃಖವನ್ನು ಹೊತ್ತಿದ್ದವನು. 1794ರಲ್ಲಿ ಆತನು ಮದರಾಸಿನಲ್ಲಿ ಹೊರತಂದ ‘ಅಜ್ದರಾರ್’ ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆಯಾಯಿತು. 1824ರಲ್ಲಿ ತೀರಿಕೊಂಡ ಆತನ ಸಮಾಧಿ ಆರ್ಮೇನಿಯನ್ ಬೀದಿಯ ಚರ್ಚಿನ ಅಂಗಳದಲ್ಲಿದೆ.

ರಕ್ಷಣೆಯ ನಂಬಿಕೆಯು ಎದುರಿಸಿದ ಇತ್ತೀಚಿನ ದೊಡ್ಡ ಪರೀಕ್ಷೆಯೆಂದರೆ 2004ರ ಡಿಸೆಂಬರ್ 26ರ ಸುನಾಮಿ. ಸಂತ ತೋಮಸನ ಸಮಾಧಿಯ ಮೇಲೆ 1896ರಲ್ಲಿ ಗಾಥಿಕ್ ಶೈಲಿಯಲ್ಲಿ ಪೂರ್ಣಗೊಂಡು, 1956ರಲ್ಲಿ ಬಸಿಲಿಕಾ ಎಂಬ ವಿಶೇಷ ಸ್ಥಾನಮಾನ ಪಡೆದ ಸಾಂತೋಮ್ ದೇವಾಲಯವು ಕಡಲಿಗೆ ಬಹಳ ಹತ್ತಿರವಿದ್ದರೂ ಅಲೆಗಳು ಅದನ್ನು ಮುಟ್ಟಲಿಲ್ಲ. ದೇವಾಲಯದ ಹಿಂಭಾಗದಲ್ಲಿ ನಿಂತಿರುವ ಮರದ ಕಂಬವನ್ನು ಸಂತನೇ ನೆಟ್ಟು, ಕಡಲು ಅದನ್ನು ದಾಟಿ ಬರದೆಂದು ಹೇಳಿದ್ದನೆಂಬ ಐತಿಹ್ಯವನ್ನು ಭಕ್ತರು ಆಗ ನೆನೆದರು. ಕಟ್ಟಡವು ತೀರದ ಮಟ್ಟಕ್ಕಿಂತ ಎತ್ತರದಲ್ಲಿರುವುದನ್ನು ಇತರರು ಕಾರಣವಾಗಿ ಎತ್ತಿ ತೋರಿಸಿದರು. ಆದರೆ ಅದೇ ಬೆಳಿಗ್ಗೆ ನಗರದ ಮೀನುಗಾರರ ಕೇರಿಗಳೂ ಮರೀನಾ ತೀರವೂ ಅಲೆಗೆ ಸಿಕ್ಕಿ, ಚೆನ್ನೈನಲ್ಲಿಯೇ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು; ದಕ್ಷಿಣದ ವೇಲಾಂಕಣಿಯಲ್ಲಿ ಕ್ರಿಸ್‌ಮಸ್ ಮುಗಿಸಿ ಕಡಲತೀರದಲ್ಲಿದ್ದ ನೂರಾರು ಯಾತ್ರಿಕರು ಕೊಚ್ಚಿಹೋದರು, ಸ್ವಲ್ಪವೇ ದೂರದಲ್ಲಿದ್ದ ದೇವಾಲಯ ಮಾತ್ರ ಉಳಿಯಿತು. ಕಟ್ಟಡ ಉಳಿದು ಭಕ್ತರು ಮಡಿದ ಈ ಘಟನೆಗೆ ಕಂಬದ ಐತಿಹ್ಯವಾಗಲಿ ನೆಲದ ಎತ್ತರದ ಲೆಕ್ಕವಾಗಲಿ ಉತ್ತರವಾಗಲಾರದು. ಕೀರ್ತನೆಗಳ ಸಂಗ್ರಹದಲ್ಲಿ ಸ್ತುತಿಪದ್ಯಗಳಷ್ಟೇ ದೇವರನ್ನು ಪ್ರಶ್ನಿಸುವ ಪ್ರಲಾಪಗಳಿಗೂ ಸ್ಥಾನವಿರುವುದು ಇಂತಹ ಸಂದರ್ಭಗಳಿಗಾಗಿಯೇ. ಪ್ರಲಾಪವನ್ನು ತೆಗೆದುಹಾಕಿದ ಸ್ತುತಿಯು ಬದುಕುಳಿದವರ ಹೆಮ್ಮೆಯಾಗಿ ಮಾತ್ರ ಉಳಿಯುತ್ತದೆ.

ಈ ನಾಲ್ಕು ಬಗೆಯ ಚರಿತ್ರೆಯನ್ನು ಒಟ್ಟಿಗೆ ನೋಡಿದಾಗ ಚೆನ್ನೈನ ಕ್ರೈಸ್ತಭಕ್ತಿಯಲ್ಲಿ ರಕ್ಷಣೆಯ ನಂಬಿಕೆಯು ಹಕ್ಕಿನ ರೂಪಕ್ಕಿಂತ ಋಣದ ರೂಪದಲ್ಲಿಯೇ ಬಾಳಿದೆಯೆಂಬುದು ಸ್ಪಷ್ಟವಾಗುತ್ತದೆ. ತಾನು ಉಳಿದದ್ದು ತನ್ನ ಯೋಗ್ಯತೆಯಿಂದಲ್ಲ ಎಂದು ಅರಿತವನು ಆ ಋಣವನ್ನು ದೇವರಿಗೆ ಹಾಡಿನಿಂದಲೂ, ಮುಂದೆ ಅದೇ ದಾರಿಯಲ್ಲಿ ಬರುವ ಅಪರಿಚಿತರಿಗೆ ಮೆಟ್ಟಿಲು, ಸೇತುವೆ, ಛತ್ರಗಳಿಂದಲೂ ತೀರಿಸಲು ಯತ್ನಿಸಿದನು. ಉಸ್ಕಾನನ ಸೇತುವೆಯಿದ್ದ ಜಾಗದಲ್ಲಿ ಈಗ ಮರೈಮಲೈ ಅಡಿಗಳ್ ಹೆಸರಿನ ಹೊಸ ಸೇತುವೆಯಿದೆ. 2015ರ ಡಿಸೆಂಬರ್ ಆರಂಭದಲ್ಲಿ ಅಡ್ಯಾರ್ ನದಿಯು ಉಕ್ಕಿ ಸೈದಾಪೇಟೆಯು ಜಲಾವೃತವಾಗಿ ಆ ಸೇತುವೆಯ ಸಂಚಾರವೂ ನಿಂತಾಗ, ನಗರದ ಚರ್ಚು, ಮಸೀದಿ, ದೇವಸ್ಥಾನ, ಕಲ್ಯಾಣಮಂಟಪಗಳು ಮನೆ ಕಳೆದುಕೊಂಡವರಿಗೆ ಬಾಗಿಲು ತೆರೆದವು. ಹರಕೆಯಿಂದ ಹುಟ್ಟಿದ ಹಳೆಯ ದೇವಾಲಯಗಳ ಚರಿತ್ರೆಯು ಇಂತಹ ಕೆಲಸಗಳಲ್ಲಿ ಮುಂದುವರಿಯುವಷ್ಟು ಕಾಲ, ಅವುಗಳೊಳಗೆ ಹಾಡುವ ಸ್ತುತಿಗೆ ಹೊರಗಿನ ಜನರ ದೃಷ್ಟಿಯಲ್ಲಿಯೂ ಅರ್ಥವಿರುತ್ತದೆ.